ನೀರಿನ ಟ್ರೇಯಲ್ಲಿ ವೋಲ್ಟೇಜ್ ನಿಲ್ಲದಿದ್ದಾಗ

ಸಮವಿಭವ ರೇಖೆ (ಒಂದೇ ವೋಲ್ಟೇಜ್ ಇರುವ ಚುಕ್ಕಿಗಳನ್ನು ಸೇರಿಸುವ ಗೆರೆ) ಬಿಡಿಸುವ ಪ್ರಯೋಗ ಬಿ.ಎಸ್ಸಿ. ಲ್ಯಾಬಿನಲ್ಲಿ ಸುಲಭದ್ದು ಅಂತಲೇ ಹೆಸರು. ಚಪ್ಪಟೆ ಗಾಜಿನ ಟ್ರೇ, ಕೆಳಗೆ ಗ್ರಾಫ್ ಹಾಳೆ, ಒಂದು ಸೆಂಟಿಮೀಟರ್ ಆಳಕ್ಕೆ ನಲ್ಲಿಯ ನೀರು, ಎರಡು ತಾಮ್ರದ ಪಟ್ಟಿ, 6 ವೋಲ್ಟ್ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟು). ಆದರೆ ನೀರಿಗೆ ಅದ್ದಿದ ಪ್ರೋಬನ್ನು (ವೋಲ್ಟ್‌ಮೀಟರಿನ ಕಡ್ಡಿ) ಅಲ್ಲಾಡಿಸದೆ ಹಿಡಿದರೂ ಮೀಟರಿನ ಅಂಕಿ ಮೆಲ್ಲಗೆ ಜಾರುತ್ತಿತ್ತು. 3 ವೋಲ್ಟಿನ ಗೆರೆ ಮುಗಿಸುವಷ್ಟರಲ್ಲಿ ಮೊದಲ ಚುಕ್ಕಿಯೇ ಸುಳ್ಳಾಗುತ್ತಿತ್ತು.

ಎಲ್ಲರಿಗೂ ಮೀಟರಿನ ಮೇಲೇ ಗುಮಾನಿ. ಪಾಪ, ಅದರ ತಪ್ಪೇನೂ ಇರಲಿಲ್ಲ. ಬಗ್ಗಿ ನೋಡಿದರೆ ಮೈನಸ್ ಪಟ್ಟಿಗೆ ಸಣ್ಣ ಸಣ್ಣ ಗುಳ್ಳೆಗಳು ಅಂಟಿಕೊಂಡಿದ್ದವು. ಪ್ಲಸ್ ಪಟ್ಟಿ ಮಂಕಾಗಿತ್ತು. ಡಿಸಿ ಹರಿದಾಗ ವಿದ್ಯುದ್ವಿಭಜನೆ, ಅಂದರೆ ಕರೆಂಟಿನಿಂದ ನೀರು ಒಡೆಯುವುದು, ಆಗುತ್ತದಲ್ವಾ? ಪಟ್ಟಿ ಮತ್ತು ನೀರು ಸೇರುವ ಜಾಗದಲ್ಲೇ ಒಂದಷ್ಟು ವೋಲ್ಟೇಜ್ ಕಳೆದುಹೋಗುತ್ತದೆ. ಅದು ಹೊತ್ತು ಹೋದಂತೆ ಬದಲಾಗುತ್ತಲೂ ಇರುತ್ತದೆ.

ಡಿಸಿ ತೆಗೆದು 6 ವೋಲ್ಟಿನ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದೆ. ಮೀಟರನ್ನು ಎಸಿ ರೇಂಜಿಗೆ ತಿರುಗಿಸಿದೆ. 50 ಹರ್ಟ್ಸ್‌ನಲ್ಲಿ ಕರೆಂಟು ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ, ಗುಳ್ಳೆ ಕಟ್ಟಲು ಪುರುಸೊತ್ತೇ ಇಲ್ಲ. ಅಂಕಿ ನಿಂತಿತು. ಒಂದು ಎಚ್ಚರ: ಬರೀ ಡಿಮ್ಮರ್‌ಸ್ಟಾಟ್ (ವೋಲ್ಟೇಜ್ ಏರಿಳಿಸುವ ಒಂದೇ ಸುರುಳಿಯ ಟ್ರಾನ್ಸ್‌ಫಾರ್ಮರ್) ಬಳಸಬೇಡಿ. ಅದು ನೀರನ್ನು ಮೈನ್ಸ್‌ನಿಂದ ಬೇರ್ಪಡಿಸುವುದಿಲ್ಲ.

ಆಮೇಲೂ ಗೆರೆಗಳು ಒಂದು ಕಡೆ ಸೊಟ್ಟಗಿದ್ದವು. ಟ್ರೇ ವಾಲಿತ್ತು, ಒಂದು ಮೂಲೆಯಲ್ಲಿ ನೀರು ಜಾಸ್ತಿ ಆಳ. ಕೆಳಗೆ ಕಾಗದ ಮಡಚಿಟ್ಟು ಸಮ ಮಾಡಿದೆ.

ಟ್ರೇಯ ಗೋಡೆ ಹತ್ತಿರ ಗೆರೆ ಬಾಗಿ ನೇರ 90 ಡಿಗ್ರಿಯಲ್ಲಿ ತಾಗಿದರೆ ಸುಮ್ನೆ ಅಳಿಸಬೇಡಿ. ಗಾಜಿನ ಮೂಲಕ ಕರೆಂಟು ಹೊರಗೆ ಹೋಗಲಾರದು, ಅಲ್ಲಿ ಗೆರೆ ಹಾಗೇ ಬರಬೇಕು.