10 ತಿಂಗಳ ಲೆಕ್ಕ, 19 ತಿಂಗಳ ಆಟ

2023ರ ಜನವರಿಯಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ತುಮಕೂರಿಗೆ ಬಂದಾಗ ನನ್ನ ಖಾತೆಯಲ್ಲಿ 4,80,000 ರೂಪಾಯಿ ಇತ್ತು. ಕ್ಯಾತ್ಸಂದ್ರದಲ್ಲಿ 6,500 ರೂಪಾಯಿ ಬಾಡಿಗೆಯ ಕೋಣೆ. ಬಾಡಿಗೆ, ಊಟ, ಇಂಟರ್‌ನೆಟ್, ಪೆಟ್ರೋಲ್ ಎಲ್ಲ ಸೇರಿ ತಿಂಗಳಿಗೆ 20,000. ಅಳಗುಳಿಮಣೆಯ ಹದಿನಾಲ್ಕು ಗುಣಿಗಳನ್ನು ಇಟ್ಟುಕೊಂಡು ಕಂಪ್ಯೂಟರ್‌ನಲ್ಲಿ ಆಡುವ ಒಗಟಿನ ಆಟವೊಂದನ್ನು ಹತ್ತು ತಿಂಗಳಲ್ಲಿ ಮುಗಿಸುತ್ತೇನೆಂದು ಅಂದುಕೊಂಡಿದ್ದೆ. ಹತ್ತೊಂಬತ್ತು ಹಿಡಿಯಿತು.

ತಿಪಟೂರಿನ ಬಳಿ ನಮ್ಮದು ತೆಂಗಿನ ತೋಟ. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿ ಒಣಗಲು ಹತ್ತು ಹನ್ನೊಂದು ತಿಂಗಳು ಬೇಕು. ನಡುವೆ ಅಲ್ಲಾಡಿಸಿ ಸದ್ದು ಕೇಳಬಹುದೇ ಹೊರತು ಒಂದೊಂದನ್ನೂ ಒಡೆದು ನೋಡುವಂತಿಲ್ಲ. ಹಾಗಾಗಿ ನನ್ನ ಉದ್ಯೋಗವನ್ನು ಅಪ್ಪನಿಗೆ ವಿವರಿಸುವುದು ಕಷ್ಟವಾಗಲಿಲ್ಲ. ಅವರು ಕೇಳಿದ್ದು ಒಂದೇ: “ಅಟ್ಟಕ್ಕೆ ಹಾಕಿದ್ದೀಯಲ್ಲಪ್ಪ, ಇಳಿಸುವವರೆಗೆ ಊಟಕ್ಕೇನು?”

ಸಾಮಗ್ರಿಗೆ ಹೆಚ್ಚು ದುಡ್ಡು ಬೇಕಿಲ್ಲ. ಆಟ ಕಟ್ಟುವ ತಂತ್ರಾಂಶ ಗೊಡಾಟ್, ಮೂರು ಆಯಾಮದ ಚಿತ್ರ ರೂಪಿಸುವ ಬ್ಲೆಂಡರ್ ಎರಡೂ ಉಚಿತ. ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಒಂದು ಆಟಕ್ಕೆ 100 ಡಾಲರ್ ಕಟ್ಟಬೇಕು. ಚಿತ್ರ ಬರೆದವರಿಗೂ ಧ್ವನಿ ಮಾಡಿದವರಿಗೂ 55,000 ಕೊಟ್ಟೆ. ನಡುವೆ ಲ್ಯಾಪ್‌ಟಾಪ್ ಕೈಕೊಟ್ಟು 62,000 ಹೋಯಿತು. ಇವೆಲ್ಲ ಸೇರಿ ಸುಮಾರು 1.25 ಲಕ್ಷ, ನಾನು ಬದುಕಿದ್ದುದಕ್ಕೇ 3.8 ಲಕ್ಷ.

ಇದರಲ್ಲಿ 50,000 ನನ್ನ ಸಿಟ್ಟಿನ ಬೆಲೆ. ಶುರು ಮಾಡಿದ್ದು ಗೊಡಾಟ್‌ನಂಥದೇ ಇನ್ನೊಂದು ತಂತ್ರಾಂಶವಾದ ಯೂನಿಟಿಯಲ್ಲಿ. 2023ರ ಸೆಪ್ಟೆಂಬರ್‌ನಲ್ಲಿ ಅದರಲ್ಲಿ ಮಾಡಿದ ಆಟದ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ವಿಧಿಸುವ ಯೋಜನೆ ಪ್ರಕಟವಾಯಿತು. ಉಚಿತ ಆವೃತ್ತಿ ಬಳಸುವವರಿಗೆ ಅದು ತಟ್ಟುವುದು ವರ್ಷದ ಆದಾಯ 2 ಲಕ್ಷ ಡಾಲರ್ ಮತ್ತು ಒಟ್ಟು ಇನ್‌ಸ್ಟಾಲ್ 2 ಲಕ್ಷ ದಾಟಿದ ಮೇಲೆ. ನನ್ನ ಆಟಕ್ಕೆ ಆ ಭಾಗ್ಯ ಏಳು ಜನ್ಮಕ್ಕೂ ಇರಲಿಲ್ಲ. ಆದರೂ ಸಿಟ್ಟಿನಲ್ಲಿ ಎಲ್ಲವನ್ನೂ ಗೊಡಾಟ್‌ಗೆ ಬದಲಾಯಿಸುತ್ತ ಎರಡೂವರೆ ತಿಂಗಳು ಕಳೆದೆ. ನನ್ನ ಆಟ ಬಿಡುಗಡೆಯಾದ ಮರುತಿಂಗಳು, 2024ರ ಸೆಪ್ಟೆಂಬರ್‌ನಲ್ಲಿ, ಆ ಶುಲ್ಕವೇ ರದ್ದಾಯಿತು.

ಕೈ ಹಿಡಿದದ್ದು ಅಡಿಕೆ ಮಂಡಿ. ಅಂತರಸನಹಳ್ಳಿ ಮಾರುಕಟ್ಟೆಯ ವರ್ತಕರೊಬ್ಬರಿಗೆ ಬಿಲ್ಲಿಂಗ್ ತಂತ್ರಾಂಶ ಮಾಡಿಕೊಟ್ಟು, ವಾರಕ್ಕೆ ಎರಡು ದಿನದ ಕೆಲಸಕ್ಕೆ ತಿಂಗಳಿಗೆ 12,000 ಗೊತ್ತುಮಾಡಿಕೊಂಡೆ. ಮೊದಮೊದಲು ಅವಮಾನವೆನಿಸಿತು. ಕೊನೆಯ ಒಂಬತ್ತು ತಿಂಗಳು ಅಲ್ಲಿಂದ ಬಂದ 1,08,000 ಇಲ್ಲದಿದ್ದರೆ ಬಿಡುಗಡೆಗೆ ಮೊದಲೇ ಉಳಿತಾಯ ಖಾಲಿಯಾಗಿ ಸಾಲ ಮಾಡಬೇಕಾಗುತ್ತಿತ್ತು.

ಇನ್ನು ಮಾರಾಟ. ಬೆಲೆ 4.99 ಡಾಲರ್ ಇಟ್ಟೆ. ಅದು 4.99 ಅಲ್ಲವೆಂದು ತಿಳಿಯಲು ಮೂರು ತಿಂಗಳು ಬೇಕಾಯಿತು. ಸ್ಟೀಮ್ ಪಾಲು ಶೇ 30. ಅಮೆರಿಕದಲ್ಲಿ ಮಾರಾಟವಾದ ಪ್ರತಿಗಳಿಂದ ಬರುವ ಪಾಲಿನಲ್ಲಿ ಅಲ್ಲಿನ ತೆರಿಗೆ ಬೇರೆ ಕಡಿತ. ತೆರಿಗೆ ನಮೂನೆಯಲ್ಲಿ ಪ್ಯಾನ್ ಸಂಖ್ಯೆ ಕೊಟ್ಟು ಭಾರತ-ಅಮೆರಿಕ ತೆರಿಗೆ ಒಪ್ಪಂದದ ರಿಯಾಯಿತಿ ಕೇಳಿದರೆ ಶೇ 15, ಇಲ್ಲದಿದ್ದರೆ ಶೇ 30. ಹೀಗೆ ಕಡಿತವಾದದ್ದನ್ನು ಇಲ್ಲಿನ ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಲು ಆಗ ಫಾರಂ 67 ಸಲ್ಲಿಸಬೇಕಿತ್ತು. ಪೂರ್ಣ ಬೆಲೆ ಕೊಟ್ಟ ಅಮೆರಿಕದ ಗ್ರಾಹಕನಿಂದಲೂ ನನಗೆ ಉಳಿದದ್ದು ಮೂರು ಡಾಲರ್‌ಗಿಂತ ತುಸು ಕಡಿಮೆ. ಭಾರತದ ಬೆಲೆ ಇನ್ನೂ ಕೆಳಗೆ.

ಮೊದಲ ಮೂರು ತಿಂಗಳಲ್ಲಿ 412 ಪ್ರತಿ ಹೋದವು, 38 ಹಿಂದಕ್ಕೆ ಬಂದವು. ಕೊಂಡು ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ನನ್ನದು ಮೂರು ಗಂಟೆಯ ಆಟ. ಈ ತಿಂಗಳ ಮಾರಾಟದ ಹಣ ಮುಂದಿನ ತಿಂಗಳ ಕೊನೆಗೆ ಬರುತ್ತದೆ. ಬಂದದ್ದನ್ನು ಬ್ಯಾಂಕು ಹನ್ನೊಂದು ದಿನ ಹಿಡಿದಿಟ್ಟುಕೊಂಡಿತು. ವಿದೇಶದಿಂದ ಬಂದ ಹಣಕ್ಕೆ ಯಾವ ಉದ್ದೇಶ ಬರೆಯಬೇಕೆಂದು ಅಲ್ಲಿನವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. “ಆಟ ಮಾರಿದ್ದು” ಎಂದಾಗ ಗುಮಾಸ್ತರು ಜೂಜೇ ಎಂದು ಕೇಳಿದರು.

ಕೊನೆಗೆ ಕೈಗೆ ಬಂದದ್ದು ಸುಮಾರು 65,000. ಮಾರಾಟ 1,000 ಡಾಲರ್ ದಾಟಿದ್ದರಿಂದ ಕಟ್ಟಿದ್ದ 100 ಡಾಲರ್ ಹಿಂದಿರುಗಿತು, ಅದೊಂದು ಸಮಾಧಾನ. ಈಗ ರಿಯಾಯಿತಿ ಮಾರಾಟ ಇದ್ದಾಗ ತಿಂಗಳಿಗೆ ನಾಲ್ಕೈದು ಸಾವಿರ ಬರುತ್ತದೆ.

ಎರಡನೆಯ ಆಟ ಶುರುವಾಗಿದೆ. ಆರು ತಿಂಗಳ ಕೆಲಸವೆಂದು ಬರೆದು, ಹಣದ ಲೆಕ್ಕವನ್ನು ಮಾತ್ರ ಹನ್ನೆರಡಕ್ಕೆ ಹಾಕಿಕೊಂಡಿದ್ದೇನೆ. ಮಂಡಿಯವರಿಗೆ ಈ ವಾರ ಹಮಾಲಿ ಲೆಕ್ಕದ ಹೊಸ ವರದಿ ಬೇಕಂತೆ. ಆಟದ ಮೂರನೆಯ ಹಂತ ಸೋಮವಾರದವರೆಗೆ ಕಾಯಬೇಕು.