ಚಳಿಗೆ ಯಾವ ಆಯಿಲ್? ನಾನು ನೋಡುವುದು ಬೈಕ್ ರಾತ್ರಿ ನಿಲ್ಲುವ ಜಾಗ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಸವಾರರಲ್ಲಿ ಒಂದು ಚರ್ಚೆ ಶುರುವಾಗುತ್ತದೆ: ಚಳಿಗೆ ತೆಳು ಆಯಿಲ್ ಹಾಕಿಸಬೇಕೇ? ನನ್ನ ಹಿಮಾಲಯನ್ 411ರ ವಿಷಯದಲ್ಲಿ ನಾನು ಕೇಳಿಕೊಳ್ಳುವುದು ಇಷ್ಟೇ: ಬೈಕ್ ರಾತ್ರಿಯಿಡೀ ಎಲ್ಲಿ ನಿಂತಿರುತ್ತದೆ?

ಓಡುವಾಗ ಎಂಜಿನ್ ತಾನಾಗಿ ಬಿಸಿಯಾಗುತ್ತದೆ. ಆಯಿಲ್ ಮಂದವಾಗುವುದು ನಿಂತಾಗ. ಬೆಳಗಿನ ಜಾವ ನಂದಿಬೆಟ್ಟ ಹತ್ತುವಾಗ ಬೆರಳು ಮರಗಟ್ಟುತ್ತವೆ, ನಿಜ. ಆದರೆ ಎಷ್ಟೇ ಬೀಸಿದರೂ ಗಾಳಿ ಆಯಿಲನ್ನು ತನ್ನ ಉಷ್ಣಾಂಶಕ್ಕಿಂತ ಕೆಳಗೆ ತಣಿಸಲಾರದು.

ಈ ಬೈಕಿಗೆ ಕಂಪನಿ ಸೂಚಿಸಿರುವುದು 15ಡಬ್ಲ್ಯೂ-50 (ಮೊದಲ ಅಂಕಿ ಚಳಿಯಲ್ಲಿನ ದರ್ಜೆ, ಎರಡನೆಯದು ಬಿಸಿಯಲ್ಲಿನದು), ಜಾಸೋ ಎಂಎ2 (ಬೈಕಿನ ಕ್ಲಚ್‌ಗೆ ಹೊಂದುವ ಆಯಿಲ್ ಎಂಬ ಗುರುತು). ಆಯಿಲ್‌ನ ಮಂದತೆಗೆ ದರ್ಜೆ ಕೊಡುವ ಎಸ್‌ಎಇ ಮಾನದಂಡದಂತೆ 15ಡಬ್ಲ್ಯೂ ಆಯಿಲ್‌ನಲ್ಲಿ ತಣ್ಣನೆಯ ಎಂಜಿನ್ ತಿರುಗಬಲ್ಲದೇ ಎಂದು ಪರೀಕ್ಷಿಸುವುದು ಮೈನಸ್ 20 ಡಿಗ್ರಿಯಲ್ಲಿ. 20ಡಬ್ಲ್ಯೂ ಆದರೆ ಮೈನಸ್ 15, 10ಡಬ್ಲ್ಯೂ ಆದರೆ ಮೈನಸ್ 25. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಊಟಿಯಲ್ಲಿ ಸೀಟಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿಯನ್ನು ಕೆರೆದು ತೆಗೆದ ಬೆಳಿಗ್ಗೆಯೂ ಇದೇ 15ಡಬ್ಲ್ಯೂ-50ರಲ್ಲಿ ಬೈಕ್ ತಕರಾರಿಲ್ಲದೆ ಹೊರಟಿತು.

ನಮ್ಮೂರಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ಎರಡನೆಯ ಅಂಕಿ. ಬಿಸಿಯಾದಾಗ, ಅಂದರೆ 100 ಡಿಗ್ರಿಯಲ್ಲಿ, ಆಯಿಲ್ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದನ್ನು ಅದು ಹೇಳುತ್ತದೆ. ಜನವರಿಯ ಮಧ್ಯಾಹ್ನವೂ ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಿಕೊಂಡರೆ ಗಾಳಿ ತಾಗದೆ ಎಂಜಿನ್ ಕುದಿಯುತ್ತದೆ. ಮುಂಜಾನೆಯ ಅರ್ಧ ನಿಮಿಷದ ಸಲುವಾಗಿ ಈ 50ನ್ನು 30ಕ್ಕೆ ಇಳಿಸಲು ನಾನು ಒಪ್ಪುವುದಿಲ್ಲ.

ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ, "ಚಳಿಗೆ ಇದು ಒಳ್ಳೆಯದು ಸರ್" ಎಂದು ಕಾರಿನ 5ಡಬ್ಲ್ಯೂ-30 ಡಬ್ಬಿ ಮುಂದಿಟ್ಟರು. ನಾನು ತೆಗೆದುಕೊಳ್ಳಲಿಲ್ಲ. ನಮ್ಮ ಬೈಕುಗಳಲ್ಲಿ ಎಂಜಿನ್, ಗೇರ್, ಕ್ಲಚ್ ಮೂರೂ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಇಂಧನ ಉಳಿಸಲೆಂದು ಕಾರಿನ ತೆಳು ಆಯಿಲ್‌ಗಳಿಗೆ ಸೇರಿಸುವ ಘರ್ಷಣೆ ತಗ್ಗಿಸುವ ರಾಸಾಯನಿಕಗಳಿಂದ ಕ್ಲಚ್ ಪ್ಲೇಟುಗಳು ಜಾರಬಹುದು. ಏರಿನಲ್ಲಿ ಎಂಜಿನ್ ಕಿರುಚುತ್ತದೆ, ಬೈಕ್ ಮಾತ್ರ ಮುಂದೆ ಹೋಗದು. ಎಂಎ ಅಥವಾ ಎಂಎ2 ಗುರುತು ಇಲ್ಲದ ಡಬ್ಬಿಯನ್ನು ನಾನು ಮುಟ್ಟುವುದೇ ಇಲ್ಲ. ಗೇರಿಲ್ಲದ ಸ್ಕೂಟರ್‌ಗೆ ಹಾಕುವ ಎಂಬಿ ಆಯಿಲ್ ಮನೆಯಲ್ಲಿ ಉಳಿದಿದ್ದರೆ ಅದನ್ನೂ ಬೈಕಿಗೆ ಸುರಿಯಬೇಡಿ.

ಲೆಕ್ಕ ಬದಲಾದದ್ದು ಚಳಿಗಾಲದಲ್ಲಿ ಹಿಮಾಚಲ ಪ್ರದೇಶದ ಸ್ಪಿತಿಗೆ ಹೊರಟಾಗ. ಆ ದಿನಗಳಲ್ಲಿ ಕುಂಜುಮ್ ಕಣಿವೆದಾರಿ ಮುಚ್ಚಿರುತ್ತದೆ, ಶಿಮ್ಲಾ, ಕಿನ್ನೌರ್ ಮೂಲಕವೇ ಹೋಗಬೇಕು. ಸ್ಪಿತಿಯ ಕಾಜಾ ಊರಿನಲ್ಲಿ ಜನವರಿಯ ರಾತ್ರಿ ಮೈನಸ್ 20ಕ್ಕಿಂತಲೂ ಕೆಳಗಿಳಿಯುವುದುಂಟು. ಅಲ್ಲಿ 15ಡಬ್ಲ್ಯೂ ತನ್ನ ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ. ಮೇಲಾಗಿ ಚಳಿಗೆ ಬ್ಯಾಟರಿಯೂ ಸೊರಗುತ್ತದೆ: ಆಯಿಲ್ ಮಂದವಾಗಿ ಹೆಚ್ಚು ಬಲ ಕೇಳುವ ಹೊತ್ತಿಗೇ ಬ್ಯಾಟರಿಯ ಬಲ ಕುಗ್ಗಿರುತ್ತದೆ. ಹಿಮಾಲಯನ್‌ಗೆ ಕಿಕ್ಕರ್ ಕೂಡ ಇಲ್ಲ. ಆದ್ದರಿಂದ ಬೆಂಗಳೂರಿನಲ್ಲೇ ಪೂರ್ಣ ಸಿಂಥೆಟಿಕ್ 10ಡಬ್ಲ್ಯೂ-50, ಎಂಎ2 ಹಾಕಿಸಿ, ಹೊಸ ಫಿಲ್ಟರ್ ಕೂರಿಸಿದೆ. ಕಾಜಾದಲ್ಲಿ ರಾತ್ರಿ ಬ್ಯಾಟರಿಯನ್ನು ಬಿಚ್ಚಿ ಕೋಣೆಯೊಳಗೆ ಇಟ್ಟುಕೊಂಡೆ. ಬೆಳಿಗ್ಗೆ ಗೇರಿಗೆ ಹಾಕಿ, ಕ್ಲಚ್ ಹಿಡಿದು ಬೈಕನ್ನು ಹಿಂದೆ ಮುಂದೆ ತಳ್ಳಿ, ಅಂಟಿಕೊಂಡ ಪ್ಲೇಟುಗಳು ಬಿಟ್ಟ ಮೇಲೆಯೇ ಸ್ಟಾರ್ಟರ್ ಒತ್ತುತ್ತಿದ್ದೆ. ಹೊರಟ ಮೇಲೂ ಎಂಜಿನ್ ಹದಕ್ಕೆ ಬರುವವರೆಗೆ ಎಕ್ಸಲರೇಟರ್ ಜೋರಾಗಿ ತಿರುವುತ್ತಿರಲಿಲ್ಲ.

ಊರಿಗೆ ಮರಳಿದ ಮೇಲೆ ಆ ಆಯಿಲನ್ನು ತೆಗೆಸಲಿಲ್ಲ. ಬಿಸಿಯಲ್ಲಿ ಅದೂ 50ರ ದರ್ಜೆಯದೇ ಆದ್ದರಿಂದ ಅವಧಿ ಮುಗಿಯುವವರೆಗೆ ನಗರದಲ್ಲಿ ಓಡಿಸಿದೆ. ಬೆಲೆ ಹೆಚ್ಚಿರುವುದರಿಂದ ಮುಂದಿನ ಸರ್ವೀಸಿನಲ್ಲಿ ಮತ್ತೆ 15ಡಬ್ಲ್ಯೂ-50 ಹಾಕಿಸಿದೆ.