ಖೋಡಿ ಸುಳಿಯ ಕುದುರೆಗಳಲ್ಲಿ ನಾನು ಲಾಭ ಕಂಡ ಬಗೆ

ಕಣ್ಣಿನ ಕೆಳಗೆ ಕೂದಲಿನ ಖೋಡಿ (ಅಶುಭ) ಸುಳಿಯಿರುವ ಕುದುರೆಯನ್ನು ಕಟ್ಟಿದವನ ಮನೆಯಲ್ಲಿ ಕಣ್ಣೀರು ತಪ್ಪದೆಂಬ ಮಾತನ್ನು ಮಹಾರಾಷ್ಟ್ರದ ಅಕಲೂಜದ ದೀಪಾವಳಿ ಕುದುರೆ ಪೇಟೆಯಲ್ಲಿಯೂ ದತ್ತ ಜಯಂತಿಗೆ ನೆರೆಯುವ ಸಾರಂಗಖೇಡಾ ಜಾತ್ರೆಯಲ್ಲಿಯೂ ಕೇಳದ ವ್ಯಾಪಾರಿಯಿಲ್ಲ. ಅಂಥವನ್ನೇ ಆರಿಸಿ ತರುತ್ತೇನೆಂದಾಗ ವಿಜಯಪುರದ ಹಳೆಯ ದಲ್ಲಾಳಿಗಳು ನಕ್ಕರು. ನನ್ನ ಮಾವನವರು ಒಂದು ವರ್ಷ ನಮ್ಮ ಲಾಯಕ್ಕೆ ಕಾಲಿಡಲಿಲ್ಲ. ನಾಲ್ಕು ವರ್ಷಗಳಲ್ಲಿ ತಂದ ಹನ್ನೊಂದರಲ್ಲಿ ಒಂಬತ್ತು ಲಾಭಕ್ಕೆ ಹೋಗಿವೆ.

ಅದಕ್ಕೂ ಮೊದಲು ಕಳೆದುಕೊಂಡದ್ದು ಬಹಳ. ಮದುವೆ ಮೆರವಣಿಗೆಗೆಂದು ಸುಮಾರು 1,40,000 ರೂಪಾಯಿ ಕೊಟ್ಟು ಬಿಳಿ ನುಕ್ರಾ ಹೆಣ್ಣುಕುದುರೆಯೊಂದನ್ನು ತಂದಿದ್ದೆ. ಜಾತ್ರೆಯಲ್ಲಿ ಮಕ್ಕಳು ಕಿವಿ ಹಿಡಿದರೂ ಸುಮ್ಮನಿದ್ದ ಅದು, ಮಾರಿದವನು ಕೊಡಿಸಿದ್ದ ಚುಚ್ಚುಮದ್ದಿನ ಮಂಪರು ಇಳಿದ ಮೇಲೆ ಆಳಿನ ಭುಜವನ್ನೇ ಕಚ್ಚಿತು. ಅರ್ಧ ಬೆಲೆಗೆ ಕೊಟ್ಟುಬಿಟ್ಟೆ. ಆಸ್ಪತ್ರೆಯ ಖರ್ಚು ಬೇರೆ. ಬಳಿಕ ರೇಸು ಬಿಟ್ಟ ಥರೋಬ್ರೆಡ್ ಒಂದು 30,000ಕ್ಕೆ ಸಿಕ್ಕಿತೆಂದು ಹಿಗ್ಗಿದೆ. ಅದರ ಮುಂಗಾಲಿನ ಸ್ನಾಯುರಜ್ಜಿನ ಬಾವನ್ನು ತಣ್ಣೀರಿನ ಪಟ್ಟಿ ಕಟ್ಟಿ ಇಳಿಸಿದ್ದರೆಂದು ಮನೆಗೆ ಬಂದ ಮೇಲೆ ತಿಳಿಯಿತು. ದಿನಕ್ಕೆ 350 ರೂಪಾಯಿಯ ಮೇವು ತಿನ್ನುತ್ತ ಅದು ಎಂಟು ತಿಂಗಳು ನಿಂತಿತು. ಉಳಿದ ಲೆಕ್ಕವನ್ನು ನೀವೇ ಮಾಡಿಕೊಳ್ಳಿ.

ಸುಳಿಯನ್ನು ನೋಡುವವರು ಮದುವೆಯವರು ಮತ್ತು ಹಳೆಯ ಮನೆತನದವರು. ಬೆಂಗಳೂರು, ಪುಣೆಗಳ ಸವಾರಿ ಶಾಲೆಗಳವರು ಕಾಲು ಮತ್ತು ಸ್ವಭಾವವನ್ನು ನೋಡುತ್ತಾರೆ. ಹಣೆ ಮತ್ತು ನಾಲ್ಕೂ ಪಾದ ಬಿಳಿಯಿದ್ದು ಶುಭವೆನಿಸುವ ಪಂಚಕಲ್ಯಾಣಿ ಮಾರವಾಡಿ ತಳಿಯ ಗಂಡಿಗೆ ಎರಡೂವರೆ ಲಕ್ಷ ಹೇಳುವವನೇ, ಅದೇ ಎತ್ತರದ ಖೋಡಿ ಸುಳಿಯದಕ್ಕೆ ಬಟ್ಟೆಯಡಿ ಬೆರಳು ಹಿಡಿದು ಗುಟ್ಟಾಗಿ ಚೌಕಾಸಿ ಮಾಡಿದಾಗ 85,000ಕ್ಕೆ ಇಳಿಯುತ್ತಾನೆ. ಇತರರೊಂದಿಗೆ ಹಂಚಿಕೊಂಡ ಲಾರಿಗೆ ಎಂಟು ಸಾವಿರ, ಮೂರು ತಿಂಗಳ ಮೇವು ಮತ್ತು ಲಾಳಕ್ಕೆ ಮೂವತ್ತು ಸಾವಿರ ಹೋದರೂ, ಒಂದೂವರೆ ಲಕ್ಷಕ್ಕೆ ಮಾರಿದಾಗ ಇಪ್ಪತ್ತೈದು ಸಾವಿರದಷ್ಟು ಕೈಯಲ್ಲಿ ಉಳಿಯುತ್ತದೆ. ಸುಳಿಯನ್ನು ನಾನು ಮುಚ್ಚಿಡುವುದಿಲ್ಲ, ಬೆರಳಿಟ್ಟು ತೋರಿಸುತ್ತೇನೆ.

ಈಗ ನಾನು ಕೊಳ್ಳುವ ಮೊದಲು ನಸುಕಿನಲ್ಲಿ, ಮೇವು ಹಾಕುವುದಕ್ಕೂ ಪಟ್ಟಿ ಕಟ್ಟುವುದಕ್ಕೂ ಮುನ್ನ ಹೋಗಿ, ಕಾಲುಗಳ ಬಿಸಿಯನ್ನು ಅಂಗೈಯಿಂದ ನೋಡಿ, ಗಟ್ಟಿ ನೆಲದ ಮೇಲೆ ದುಡುಕಿ ನಡೆಯಲ್ಲಿ (ಟ್ರಾಟ್) ಓಡಿಸುತ್ತೇನೆ. ನೋವಿನ ಮುಂಗಾಲು ನೆಲ ಮುಟ್ಟಿದಾಗ ತಲೆ ಮೇಲೇಳುತ್ತದೆ. ಮರುದಿನ ಹೇಳದೆ ಮತ್ತೊಮ್ಮೆ ಹೋಗುತ್ತೇನೆ, ಏಕೆಂದರೆ ಎರಡು ದಿನವೂ ಮಂಪರಿನಲ್ಲಿಡುವುದು ಮಾರುವವನಿಗೆ ಕಷ್ಟ. ಮುಂಗಡವಾಗಿ ಕಾಲುಭಾಗವನ್ನಷ್ಟೇ ಕೊಟ್ಟು, ಗ್ಲ್ಯಾಂಡರ್ಸ್ ರಕ್ತಪರೀಕ್ಷೆಯ ವರದಿ ಬರುವವರೆಗೆ ಉಳಿದದ್ದನ್ನು ತಡೆಹಿಡಿಯುತ್ತೇನೆ. ಮನುಷ್ಯರಿಗೂ ಅಂಟುವ ಆ ರೋಗ ದೃಢಪಟ್ಟ ಕುದುರೆಯನ್ನು ಕೊಲ್ಲಲೇಬೇಕಾಗುತ್ತದೆ.

ಹುರುಳಿಯನ್ನು ನಿಲ್ಲಿಸಿ ಕುದುರೆ ಮಸಾಲೆ (ಲೂಸರ್ನ್) ಸೊಪ್ಪನ್ನೇ ಹಾಕಿದರೆ ಬಿಸಿ ಸ್ವಭಾವ ತಣ್ಣಗಾದೀತೇ ಎಂದು ಪರೀಕ್ಷಿಸಲು ಹೋಗಿ, ಒಂದೇ ದಿನದಲ್ಲಿ ಮೇವು ಬದಲಿಸಿದ್ದರಿಂದ ಹೊಟ್ಟೆಶೂಲೆ ಬಂದು ಹತ್ತನೆಯ ಕುದುರೆ ಸತ್ತಿತು. ಈಗ ಅದೇ ಬದಲಾವಣೆಗೆ ಹತ್ತು ಹನ್ನೆರಡು ದಿನ ತೆಗೆದುಕೊಳ್ಳುತ್ತೇನೆ.

ಹನ್ನೊಂದನೆಯದು ಕಣ್ಣೀರಿನ ಸುಳಿಯ ಕಾಠಿಯಾವಾಡಿ ಹೆಣ್ಣು. ಮಾರವಾಡಿಗಿಂತ ಗಿಡ್ಡವಾದರೂ ಎಳೆಯ ಸವಾರರಿಗೆ ಹೇಳಿ ಮಾಡಿಸಿದಂತಿದೆ. ಶಾಲೆಯೊಂದು 1,35,000 ಕೇಳಿದೆ, ನಾನು 1,60,000 ಹೇಳಿದ್ದೇನೆ. ಸಂಕ್ರಾಂತಿಯವರೆಗೆ ಕಾಯುವುದೆಂದು ಇಟ್ಟುಕೊಂಡಿದ್ದೇನೆ.